ಭಂಗಾರ, ಬಂಗಾರ

ಬೇಡವೆಂದು ಮೂಲೆಗೆ ಎಸೆದ ಕಬ್ಬಿಣಕ್ಕೆ ನಮ್ಮ ಕಾಸರಗೋಡಿನ ಕಡೆ ಗುಜರಿ ಎನ್ನುತ್ತೇವೆ. ಮಲಯಾಳಿ ನೆರೆಯವರು ಆಕ್ರಿ ಎನ್ನುತ್ತಾರೆ. ನಾನು ಹೊಟ್ಟೆಪಾಡಿಗೆಂದು ಬಂದು ಇಪ್ಪತ್ತು ವರ್ಷಗಳಿಗೂ ಮೇಲೆ ನೆಲೆಸಿರುವ, ಕೊಲ್ಲಾಪುರದ ಮಗ್ಗುಲಿನ ಶಿರೋಳಿಯಲ್ಲಿ ಅದಕ್ಕೆ ಭಂಗಾರ ಎಂದು ಹೆಸರು. ಮರಾಠಿಯ ಭಂಗಾರಕ್ಕೂ ನಮ್ಮ ಬಂಗಾರಕ್ಕೂ ಇರುವುದು ಒಂದು ಮಹಾಪ್ರಾಣದ ಅಂತರ ಮಾತ್ರ. ಬಂದ ಹೊಸತರಲ್ಲಿ ಬೆಳಗಾಗುವಾಗ ತಳ್ಳುಗಾಡಿಯವನು "ಭಂಗಾರ್, ಭಂಗಾರ್" ಎಂದು ಕೂಗುತ್ತ ಹೋದದ್ದನ್ನು ಕೇಳಿ ನನ್ನ ಹೆಂಡತಿ, "ಈ ಊರಲ್ಲಿ ಚಿನ್ನವನ್ನು ಗಾಡಿಯಲ್ಲಿ ಹಾಕಿಕೊಂಡು ಮಾರುತ್ತಾರೆಯೆ?" ಎಂದು ಬೆರಗಾಗಿ ಕೇಳಿದ್ದಳು. ಅವಳ ಮಾತಿಗೆ ಆಗ ನಕ್ಕಿದ್ದೆ. ಈಗ ಯೋಚಿಸಿದರೆ ಅವಳು ಕೇಳಿದ್ದರಲ್ಲಿ ಅರ್ಥವಿಲ್ಲದೆ ಇರಲಿಲ್ಲ ಎನಿಸುತ್ತದೆ.

ಪುಣೆ-ಬೆಂಗಳೂರು ಹೆದ್ದಾರಿ ಪಂಚಗಂಗಾ ನದಿಯನ್ನು ದಾಟುವಲ್ಲಿ ಈ ಊರಿದೆ. ಹಾಗಾಗಿ ಹಳೆಯ ಊರನ್ನು 'ಶಿರೋಳಿ ಪುಲಾಚಿ', ಎಂದರೆ ಸೇತುವೆಯ ಶಿರೋಳಿ ಎಂದೇ ಕರೆಯುತ್ತಾರೆ. ಅದಕ್ಕೆ ತಾಗಿಕೊಂಡ ಕೈಗಾರಿಕಾ ವಸಾಹತಿನಲ್ಲಿ ಸಾಲುಸಾಲಾಗಿ ಎರಕದ ಕಾರ್ಖಾನೆಗಳಿವೆ. ಅಂಥದೊಂದರ ತಪಾಸಣೆಯ ಮೇಜಿನಲ್ಲಿ ನನ್ನ ಅನ್ನ. ಒಡೆದ ಪಂಪು, ತುಂಡಾದ ಹಲ್ಲುಚಕ್ರ, ಸತ್ತ ಎಂಜಿನ್ನುಗಳ ಹೊಟ್ಟೆ ಎಲ್ಲವೂ ಲಾರಿಯಲ್ಲಿ ಬಂದು ಅಂಗಳದಲ್ಲಿ ರಾಶಿ ಬೀಳುತ್ತವೆ. ಕುಲುಮೆಯೊಳಗೆ ಸಾವಿರದ ಇನ್ನೂರು ಡಿಗ್ರಿಯ ಸುಮಾರಿಗೆ ಕರಗಿ, ಇನ್ನೂ ಬಿಸಿಯಾಗಿ, ಮರಳಿನ ಅಚ್ಚಿಗಿಳಿದು ಮರುದಿನ ಹೊಸ ವಸ್ತುವಾಗಿ ಹೊರಡುತ್ತವೆ. ಕಬ್ಬಿನ ಗದ್ದೆಗೆ ನೀರೆತ್ತುವ ಆಯಿಲ್ ಎಂಜಿನ್ನುಗಳನ್ನು ಮಾಡುತ್ತ, ಕೆಟ್ಟದ್ದನ್ನು ರಿಪೇರಿ ಮಾಡುತ್ತ ಕೊಲ್ಲಾಪುರದ ಕೈ ಈ ಕೆಲಸದಲ್ಲಿ ಪಳಗಿತು. ಇಲ್ಲಿಂದ ಬಹಳ ದೂರವಲ್ಲದ ಕಿರ್ಲೋಸ್ಕರವಾಡಿಯನ್ನು 1910ರಲ್ಲಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು; ಬೆಳಗಾವಿಯ ಸೈಕಲ್ ಅಂಗಡಿಯಿಂದ ತೊಡಗಿ ಕಬ್ಬಿಣದ ನೇಗಿಲಿಗೆ ಬಂದವರು. ಗಡಿ ಎಂಬುದು ಭೂಪಟದಲ್ಲಿ ಗೆರೆಯಾಗಿ ಕಾಣುತ್ತದೆ. ಕಬ್ಬಿಣದ ಕಸುಬಿನವರಿಗೆ ಅದು ಎಂದೂ ಅಡ್ಡ ಬಂದದ್ದಿಲ್ಲ.

ಇಂಥ ಊರಿನಲ್ಲಿದ್ದುಕೊಂಡು ಹಳೆ ಕಬ್ಬಿಣವನ್ನು ದಿನವೂ ಕುಲುಮೆಗೆ ಕಳುಹಿಸುವ ನನಗೆ, ನಮ್ಮ ಮನೆಯದೇ ಒಂದು ಹಳೆ ಕಬ್ಬಿಣದ ಪ್ರಶ್ನೆ 2022ರ ಡಿಸೆಂಬರಿನಲ್ಲಿ ಎದುರಾಯಿತು.

ನನ್ನ ತಂದೆಯವರು 1979ರಲ್ಲಿ ಮಂಗಳೂರಿನಿಂದ ಒಂದು ಯೆಜ್ಡಿ ಮೋಟಾರು ಸೈಕಲ್ ತಂದಿದ್ದರು. ನಮ್ಮ ಗುಡ್ಡದ ಮನೆಗೆ ಆಗ ಜೀಪು ಕೂಡ ಕಷ್ಟದಲ್ಲಿ ಬರುತ್ತಿತ್ತು. ಹಿಂದಿನ ಸೀಟಿಗೆ ಅಡಿಕೆಯ ಗೋಣಿ ಬಿಗಿದುಕೊಂಡು ಅವರು ಕ್ಯಾಂಪ್ಕೊಗೆ ಹೋಗುತ್ತಿದ್ದರು. 1973ರಲ್ಲಿ ಆ ಸಹಕಾರಿ ಸಂಸ್ಥೆ ಹುಟ್ಟಿದ ಮೇಲೆ ಅಡಿಕೆ ಬೆಳೆಗಾರನಿಗೆ ತಲೆಯೆತ್ತಿ ದರ ಕೇಳುವ ಧೈರ್ಯ ಬಂತೆಂದು ಅವರು ಈಗಲೂ ಹೇಳುವುದುಂಟು. ಅಮ್ಮನನ್ನು ಹೆರಿಗೆಗೆ ಕರೆದೊಯ್ದದ್ದು, ಅಜ್ಜನಿಗೆ ಮದ್ದು ತಂದದ್ದು, ಯಕ್ಷಗಾನ ಬಯಲಾಟ ಮುಗಿಸಿ ಬೆಳಗಿನ ಜಾವ ನಮ್ಮನ್ನು ತೂಕಡಿಸುತ್ತ ಕೂರಿಸಿಕೊಂಡು ಬಂದದ್ದು, ಎಲ್ಲವೂ ಆ ಗಾಡಿಯಲ್ಲೇ. ವಯಸ್ಸಾದ ಮೇಲೆ ಅವರು ಬಿಡುವುದನ್ನು ನಿಲ್ಲಿಸಿದರು. ಗಾಡಿ ಹಟ್ಟಿಯ ಪಕ್ಕದ ಕೊಟ್ಟಿಗೆಯಲ್ಲಿ ಹದಿನೈದು ವರ್ಷ ನಿಂತಿತು. ಅದರ ಮೇಲೆ ಗೋಣಿ, ಗೋಣಿಯ ಮೇಲೆ ಕೋಳಿ.

ಅಡಿಕೆ ಒಣಗಿಸುವುದಕ್ಕೆ ಹೊಸ ಮಾಡು ಕಟ್ಟಬೇಕೆಂದು ನನ್ನ ತಮ್ಮ ಕೊಟ್ಟಿಗೆ ಕೀಳಿಸಲು ಹೊರಟ. ಗುಜರಿಯವನು ಬಂದು ಗಾಡಿಯನ್ನು ಒಂದು ಸುತ್ತು ನೋಡಿ, ಕಿಲೋ ಲೆಕ್ಕದಲ್ಲಿ ದರ ಹೇಳಿದನಂತೆ. ತಮ್ಮ ನನಗೆ ಫೋನು ಮಾಡಿದ. ಎಂಬತ್ತೆರಡು ವರ್ಷದ ತಂದೆಯವರು ಫೋನು ಕೇಳಿ ತೆಗೆದುಕೊಂಡು ಎರಡೇ ಮಾತು ಹೇಳಿದರು: "ಕೊಡುವುದು ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಕೊಡುವಾಗ ಅದು ಓಡುತ್ತಿರಬೇಕು. ನಿಂತದ್ದನ್ನು ಕೊಟ್ಟರೆ ಹೆಣ ಹೊರಿಸಿ ಕಳುಹಿಸಿದ ಹಾಗೆ."

ಈ ಮಾತಿಗೆ ನಮ್ಮಿಬ್ಬರಲ್ಲಿಯೂ ಉತ್ತರ ಇರಲಿಲ್ಲ.

ಆ ಗಾಡಿಯ ವಿಷಯ ಎರಡು ಮಾತು ಹೇಳಬೇಕು, ಏಕೆಂದರೆ ಅದು ಕನ್ನಡ ನಾಡಿನ ಕೈಕೆಲಸ. ಝೆಕ್ ದೇಶದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರು ಸೈಕಲನ್ನು ತನ್ನಲ್ಲಿ ತಯಾರಿಸುವ ಹಕ್ಕು ಪಡೆದು 1929ರಲ್ಲಿ ಕೆಲಸ ತೊಡಗಿದ. ತನ್ನ ಹೆಸರಿನ ಮೊದಲ ಎರಡಕ್ಷರ, ಅವರ ಹೆಸರಿನ ಮೊದಲ ಎರಡಕ್ಷರ ಸೇರಿಸಿ 'ಜಾವಾ' ಎಂದಿಟ್ಟ. ಎರಡು ನುಡಿಯವರ ಹೆಸರು ಒಂದಾಗಿ ಹುಟ್ಟಿದ ಪದ ಅದು. ಇಂಥ ದ್ವಿಭಾಷಾ ವಾರ್ಷಿಕದ ಓದುಗರಿಗೆ ರುಚಿಸೀತು. ಆ ಗಾಡಿಯನ್ನು ನಮ್ಮ ದೇಶದಲ್ಲಿ ತಯಾರಿಸಲು ರುಸ್ತುಂ ಇರಾನಿಯವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಸ್ಥಾಪಿಸಿದರು. 1961ರಲ್ಲಿ ಜಯಚಾಮರಾಜೇಂದ್ರ ಒಡೆಯರು ಅದನ್ನು ಉದ್ಘಾಟಿಸಿದರು. ಎಪ್ಪತ್ತರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಬೇರೆ ಕಂಪೆನಿಯ ಹೊಸ ಗಾಡಿಗಳ ಮೇಲೆ ಮರಳಿ ಬಂದವು. ಆದರೆ ಅವು ಬೇರೆ ಎಂಜಿನ್ನಿನ ಗಾಡಿಗಳು. ಹಳೆಯದಕ್ಕೆ ಅವುಗಳ ಬಿಡಿಭಾಗ ಹೊಂದುವುದಿಲ್ಲ.

ಹಳೆಯ ಯೆಜ್ಡಿಯ ಎಂಜಿನ್ನು ಸರಳವಾದದ್ದು. ಒಂದೇ ಸಿಲಿಂಡರು, ಎರಡು ಹೊಗೆಕೊಳವೆ. ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ಓಡಾಟ 75 ಮಿಲಿಮೀಟರು. ಲೆಕ್ಕ ಹಾಕಿದರೆ ಸುಮಾರು 250 ಸಿ.ಸಿ. ಕಿಕ್ ಹೊಡೆಯುವ ಕೋಲೇ ಮುಂದಕ್ಕೆ ಮಡಚಿದರೆ ಗೇರಿನ ಕೋಲು. ಅದನ್ನು ಒತ್ತಿದೊಡನೆ ಕ್ಲಚ್ಚು ತಾನಾಗಿ ಬಿಡುತ್ತದೆ. ಟು-ಸ್ಟ್ರೋಕ್ ಆದ್ದರಿಂದ ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿರುವ ವಾಲ್ವುಗಳ ಸಂಸಾರ ಇದಕ್ಕಿಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳಿವೆ. ಪಿಸ್ಟನ್ನು ಮೇಲೆ ಕೆಳಗೆ ಹೋಗುತ್ತ ಅವನ್ನು ಮುಚ್ಚುತ್ತದೆ, ತೆರೆಯುತ್ತದೆ. ಪೆಟ್ರೋಲಿನ ಗಾಳಿ ಒಳಬರುವುದಕ್ಕೆ ಒಂದು, ಅದು ಕೆಳಗಿನ ಕೋಣೆಯಿಂದ ಮೇಲೇರುವುದಕ್ಕೆ ಅಕ್ಕಪಕ್ಕದವು, ಹೊಗೆ ಹೊರಹೋಗುವುದಕ್ಕೆ ಇನ್ನುಳಿದವು. ಯಾವ ಕಿಂಡಿ ಯಾವ ಎತ್ತರದಲ್ಲಿದೆ ಎಂಬುದರಲ್ಲಿಯೇ ಎಂಜಿನ್ನಿನ ಸ್ವಭಾವವೆಲ್ಲ ಅಡಗಿದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕಾಗಿ ಕೇಳಿಕೊಳ್ಳುತ್ತೇನೆ, ಮುಂದೆ ಬೇಕಾಗುತ್ತದೆ.

ಇಡೀ ಗಾಡಿಯನ್ನು ಮೂರು ರಾಜ್ಯ ದಾಟಿಸುವ ಬದಲು ಎಂಜಿನ್ನು ಮಾತ್ರ ತರುವುದೆಂದು ತೀರ್ಮಾನಿಸಿದೆ. ಕ್ರಿಸ್ಮಸ್ ರಜೆಯಲ್ಲಿ ಊರಿಗೆ ಹೋಗಿ, ತಮ್ಮನೂ ನಾನೂ ಸೇರಿ ಅದನ್ನು ಬಿಚ್ಚಿ, ಅಡಿಕೆಯ ಗೋಣಿಗೆ ಹಾಕಿ ಬಾಯಿ ಹೊಲಿದೆವು. ಮೊಟ್ಟೆಯ ಹಾಗೆ ಉರುಟಾದ ಎಂಜಿನ್ನು ಗೋಣಿಯೊಳಗೆ ಕುಳಿತಾಗ ಬಸ್ಸಿನ ಕಂಡಕ್ಟರು ಅದನ್ನು ಕಾಲಿನಿಂದ ತಳ್ಳಿನೋಡಿ, "ಹಲಸಿನಕಾಯಿಯಾ? ಈಗ ಎಲ್ಲಿಯದು?" ಎಂದ. ಅಕಾಲದ ಹಲಸಿಗೆ ಲಗೇಜು ಟಿಕೇಟು ತೆಗೆದು ತಲಪಾಡಿ ದಾಟಿದೆ. ಮಂಗಳೂರು, ಹುಬ್ಬಳ್ಳಿ, ಬೆಳಗಾವಿ ಕಳೆದು ಕೊಗನೊಳಿಯಲ್ಲಿ ಮತ್ತೊಂದು ಗಡಿ ದಾಟಿದೆ. ಶಿರೋಳಿಯಲ್ಲಿ ಇಳಿಯುವಾಗ ಗೋಣಿಯ ಅಡಿಯಲ್ಲಿ ಕರಿ ಎಣ್ಣೆಯ ಒಂದು ಮಚ್ಚೆ ಮೂಡಿತ್ತು. ಸತ್ತಿಲ್ಲ, ಒಳಗೆ ಇನ್ನೂ ಎಣ್ಣೆಯಿದೆ ಎಂದು ನನಗೆ ಸಮಾಧಾನವೇ ಆಯಿತು.

ಹೆದ್ದಾರಿಯಿಂದ ಇಳಿದು ನದಿಯ ಕಡೆಗೆ ಹೋಗುವ ತಗ್ಗಿನ ರಸ್ತೆಯಲ್ಲಿ ಒಂದು ಸಣ್ಣ ಬೋರಿಂಗ್ ಅಂಗಡಿ ಇದೆ. ಅದನ್ನು ನಡೆಸುವ ಹಿರಿಯರನ್ನು ಎಲ್ಲರೂ ಮಿಸ್ತ್ರಿ ಎನ್ನುತ್ತಾರೆ. ನಮ್ಮೂರಲ್ಲಿ ಮೇಸ್ತ್ರಿ ಎಂದರೆ ಗೋಡೆ ಕಟ್ಟುವವನು. ಇಲ್ಲಿ ಮಿಸ್ತ್ರಿ ಕಬ್ಬಿಣದ ಗೋಡೆಯನ್ನು ಕೊರೆಯುವವನು. ಮರಾಠಿಯಲ್ಲಿ ಮಾತು ತೊಡಗಿದವರು ನನ್ನ ಉಚ್ಚಾರ ಕೇಳಿ, "ಕನ್ನಡದವರೇನ್ರಿ ಸಾಹೇಬ್ರ?" ಎಂದರು. ಗಡಹಿಂಗ್ಲಜದ ಕಡೆಯ ಹಳ್ಳಿಯವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಚಿಕ್ಕಂದಿನಲ್ಲಿ ಸಂಕೇಶ್ವರದ ಸೋದರಮಾವನ ಮನೆಯಲ್ಲಿದ್ದು ನಾಲ್ಕನೇ ಇಯತ್ತೆಯವರೆಗೆ ಕನ್ನಡ ಶಾಲೆ ಕಲಿತವರು. ಅವರ ಕನ್ನಡಕ್ಕೂ ನನ್ನ ಕನ್ನಡಕ್ಕೂ ಮಂಗಳೂರಿಗೂ ಕೊಲ್ಲಾಪುರಕ್ಕೂ ಇರುವಷ್ಟೇ ದೂರ. ನಾನು 'ಉಂಟು' ಎಂದರೆ ಅವರು 'ಐತಿ' ಎನ್ನುತ್ತಿದ್ದರು. ಆದರೂ ಗೋಣಿಯ ಬಾಯಿ ಬಿಚ್ಚಿದಾಗ ಇಬ್ಬರಿಗೂ ಒಂದೇ ಸಂತೋಷವಾಯಿತು.

"ಜಾವಾದ ತತ್ತಿ ಇದು! ಮೈಸೂರಾಗ ಇಟ್ಟದ್ದು!" ಎಂದರು.

ಹದಿನೈದು ವರ್ಷ ನಿಂತ ಎಂಜಿನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಪಿಸ್ಟನ್ನಿನ ರಿಂಗುಗಳು ತುಕ್ಕಿನಿಂದ ಸಿಲಿಂಡರಿನ ಗೋಡೆಗೆ ಅಂಟಿದ್ದವು. ಇಂಥಲ್ಲಿ ಸುತ್ತಿಗೆ ಎತ್ತುವವರು ಬಹಳ. ಮಿಸ್ತ್ರಿಯವರು ಸುತ್ತಿಗೆ ಮುಟ್ಟಲಿಲ್ಲ. ಡೀಸೆಲ್ಲೂ ತೆಳುವಾದ ಎಣ್ಣೆಯೂ ಬೆರೆಸಿ ಪಿಸ್ಟನ್ನಿನ ತಲೆಯ ಮೇಲೆ ಹೊಯ್ದು ಮುಚ್ಚಿಟ್ಟರು. ಐದು ದಿನ, ದಿನಕ್ಕೊಮ್ಮೆ ಮರದ ತುಂಡಿಟ್ಟು ಅಂಗೈಯಿಂದ ಒತ್ತಿನೋಡುವುದು. ಆರನೆಯ ದಿನ ಅದು ಒಂದು ನೂಲು ಜರುಗಿತು. ನಮ್ಮಲ್ಲಿ ಆಚಾರಿಗಳು ಅಂಗುಲದ ಎಂಟನೆಯ ಒಂದು ಪಾಲಿಗೆ ನೂಲು ಎನ್ನುತ್ತಾರಲ್ಲ. ಮಲಯಾಳದವರೂ ನೂಲು ಎಂದೇ ಹೇಳುತ್ತಾರೆ. ಮಿಸ್ತ್ರಿಯವರು ಅದಕ್ಕೆ ಸೂತ ಎಂದರು. ಮರಾಠಿಯ ಸೂತವೂ ನೂಲೇ. ಮೂರು ಭಾಷೆಯ ಬಡಗಿಗಳು ಒಂದೇ ಎಳೆಯನ್ನು ಹಿಡಿದು ಅಳೆದಿದ್ದಾರೆ.

ಪಿಸ್ಟನ್ನು ಹೊರಬಂದ ಮೇಲೆ ನಾನು ಸಿಲಿಂಡರಿನ ಒಳಗೆ ಬೆರಳಾಡಿಸಿ, "ತುಂಬಾ ಹಳತಾಗಿದೆ, ಅಲ್ಲವೆ ಕಾಕಾ?" ಎಂದೆ.

"ಅಳೀದನ ಹಳೇದು ಅನಬ್ಯಾಡ್ರಿ ಸಾಹೇಬ್ರ. ಮೊದಲ ಅಳತಿ, ಆಮ್ಯಾಲ ಮಾತು" ಎಂದು ಅವರು ಡಯಲ್ ಗೇಜನ್ನು ಒಳಗಿಳಿಸಿದರು. ಮೇಲೆ, ನಡುವೆ, ಕೆಳಗೆ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಒಟ್ಟು ಆರು ಅಳತೆ. ಸಿಲಿಂಡರು ಎಲ್ಲೆಡೆ ಒಂದೇ ಸಮ ಸವೆಯುವುದಿಲ್ಲ. ರಿಂಗು ತಿರುಗಿ ಹೊರಡುವ ಮೇಲಿನ ತುದಿಯಲ್ಲಿ ಬಿಸಿ ಹೆಚ್ಚು, ಎಣ್ಣೆ ಕಡಿಮೆ. ಅಲ್ಲಿ ಸವೆತ ಜಾಸ್ತಿ. ಉರುಟಾದದ್ದು ಕ್ರಮೇಣ ಅಂಡಾಕಾರವಾಗುತ್ತದೆ. ನಮ್ಮದು ಕೆಳಗೆ 66 ಮಿಲಿಮೀಟರು ತೋರಿಸಿತು. ಎಂದರೆ ಮೂಲದ 65ರಿಂದ ಕಾಲು ಕಾಲು ಮಿಲಿಮೀಟರಿನಂತೆ ಕೊರೆಯುತ್ತ ಕೊರೆಯುತ್ತ, ಆ ಕಾಲದಲ್ಲೇ ಕೊನೆಯ ಮೆಟ್ಟಿಲಿಗೆ ಬಂದು ಮುಟ್ಟಿತ್ತು. ಮೇಲೆ ಅದಕ್ಕಿಂತಲೂ ಹೆಚ್ಚು ಸವೆದಿತ್ತು. ಇನ್ನು ಕೊರೆಯುವಂತಿಲ್ಲ; ಕೊರೆದರೂ ಆ ಅಳತೆಯ ಪಿಸ್ಟನ್ನು ಸಿಗುವುದಿಲ್ಲ.

ಹಾಗಾದರೆ ಮುಗಿಯಿತೇ ಎಂದರೆ ಮುಗಿಯಲಿಲ್ಲ. ಲೈನರು ಹಾಕಬಹುದು. ಹಳೆಯ ಸಿಲಿಂಡರಿನ ಹೊರಮೈಯನ್ನು ಹಾಗೆಯೇ ಇಟ್ಟು, ಒಳಗನ್ನು ಇನ್ನಷ್ಟು ಅಗಲ ಕೊರೆದು, ಮೂರು ಮಿಲಿಮೀಟರ್ ದಪ್ಪದ ಹೊಸ ಕಬ್ಬಿಣದ ಕೊಳವೆಯನ್ನು ಅದರೊಳಗೆ ಕೂರಿಸುವುದು. ಸಿಲಿಂಡರನ್ನು ಭಟ್ಟಿಯಲ್ಲಿ ಕಾಯಿಸಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ. ಆಗ ತಣ್ಣಗಿನ ಕೊಳವೆಯನ್ನು ಒಂದೇ ಉಸಿರಿಗೆ ಇಳಿಸಬೇಕು. ಆರಿದ ಮೇಲೆ ಅವೆರಡು ಮತ್ತೆ ಬೇರೆಯಾಗುವುದಿಲ್ಲ. ಲೈನರಿಗೆ ಬೇಕಾದದ್ದು ಬೂದು ಎರಕದ ಕಬ್ಬಿಣ. ಅದರ ಒಳಮೈಯಲ್ಲಿ ಇಂಗಾಲವು ಗ್ರಾಫೈಟಿನ ತೆಳ್ಳನೆಯ ಚಕ್ಕೆಗಳಾಗಿ ಹರಡಿಕೊಂಡು ಎಣ್ಣೆಯನ್ನು ಹಿಡಿದಿಡುತ್ತದೆ, ತಾನೂ ಜಾರಿಕೆಗೆ ಒದಗುತ್ತದೆ. ಅಂಥ ಕಬ್ಬಿಣ ಶಿರೋಳಿಯಲ್ಲಿ ಹುಡುಕಬೇಕಾದದ್ದಿಲ್ಲ. ಯಾವ ಊರು ನನ್ನ ತಂದೆಯವರ ಎಂಜಿನ್ನನ್ನು ಕಿಲೋ ಲೆಕ್ಕದಲ್ಲಿ ಕರಗಿಸಬಹುದಿತ್ತೋ ಆ ಊರೇ ಅದಕ್ಕೆ ಹೊಸ ಗೋಡೆಯನ್ನೂ ಕೊಡುವುದಾಯಿತು.

ತೊಡಕು ಬಂದದ್ದು ಕಿಂಡಿಗಳಲ್ಲಿ. ಹೊಸ ಕೊಳವೆಗೆ ಕಿಂಡಿ ಇರುವುದಿಲ್ಲ. ಹಳೆ ಸಿಲಿಂಡರಿನ ಕಿಂಡಿಗಳಿಗೆ ಸರಿಯಾಗಿ ಅವನ್ನು ಕತ್ತರಿಸಬೇಕು. ನಮ್ಮ ಸಿಲಿಂಡರನ್ನೇ ನೋಡಿ ಕತ್ತರಿಸೋಣವೆಂದರೆ, ಹಿಂದೆ ಯಾರೋ ಒಬ್ಬರು ವೇಗ ಹೆಚ್ಚಲೆಂದು ಅರ ಹಾಕಿ ಅವನ್ನು ಅಡ್ಡಾದಿಡ್ಡಿ ಅಗಲಿಸಿದ್ದರು. ಹೊಗೆಯ ಕಿಂಡಿ ಒಂದೆರಡು ಮಿಲಿಮೀಟರು ಮೇಲಾದರೂ ಎಂಜಿನ್ನು ಕೆಳವೇಗದಲ್ಲಿ ಬಲಗುಂದುತ್ತದೆ. ಗುಡ್ಡ ಹತ್ತುವ ನಮ್ಮಂಥವರಿಗೆ ಅದು ಪ್ರಯೋಜನವಿಲ್ಲ. ಮೈಸೂರಿನ ಕಾರ್ಖಾನೆಯಿಂದ ಹೊರಟಾಗ ಇದ್ದ ಎತ್ತರ ಎಷ್ಟು? ಮುಚ್ಚಿದ ಕಾರ್ಖಾನೆಯನ್ನು ಕೇಳುವುದು ಹೇಗೆ?

"ನನ್ನ ವಹಿಯೊಳಗ ಐತಿ" ಎಂದರು ಮಿಸ್ತ್ರಿಯವರು.

ಅವರ ಮಗ ಕಪಾಟಿನಿಂದ ರಟ್ಟಿನ ಹೊದಿಕೆಯ ದಪ್ಪ ವಹಿಯೊಂದನ್ನು ತಂದ. ನಲವತ್ತು ವರ್ಷಗಳಿಂದ ಕೈಗೆ ಬಂದ ಪ್ರತಿಯೊಂದು ಬಗೆಯ ಎಂಜಿನ್ನಿನ ಅಳತೆಗಳನ್ನು ಅವರು ಅದರಲ್ಲಿ ಬರೆದಿಟ್ಟಿದ್ದರು. 2019ರ ಆಗಸ್ಟಿನಲ್ಲಿ ಪಂಚಗಂಗೆ ಉಕ್ಕಿ ಶಿರೋಳಿಯ ಹೆದ್ದಾರಿಯೇ ದಿನಗಟ್ಟಲೆ ಮುಳುಗಿತ್ತಲ್ಲ, ಆಗ ಅಂಗಡಿಗೂ ನೀರು ನುಗ್ಗಿ ವಹಿ ನೆನೆದಿತ್ತು. 2021ರ ಜುಲೈಯಲ್ಲಿ ಮತ್ತೆ ಹೆದ್ದಾರಿ ಮುಳುಗಿದಾಗ ಅವರು ಮೊದಲು ಎತ್ತಿಕೊಂಡು ಓಡಿದ್ದು ವಹಿಯನ್ನಂತೆ. ಶಾಯಿಯಲ್ಲಿ ಬರೆದ ಪುಟಗಳು ನೀಲಿ ಮೋಡವಾಗಿದ್ದವು. ಸೀಸದ ಕಡ್ಡಿಯಲ್ಲಿ ಬರೆದದ್ದು ಹಾಗೆಯೇ ಉಳಿದಿತ್ತು. ಜಾವಾದ ಪುಟ ಸೀಸದ ಕಡ್ಡಿಯದು.

ಮಗ ಓದಿದ ಹುಡುಗ. ಐಟಿಐ ಮುಗಿಸಿ ಕಂಪ್ಯೂಟರಿನ ಯಂತ್ರ ನಡೆಸುತ್ತಾನೆ. ಅವನೇ ಲೈನರಿಗೆ ಕಿಂಡಿ ಕತ್ತರಿಸಬೇಕಾದವನು. ಪುಟ ನೋಡಿ ಅಂಕಿಗಳನ್ನು ಒಂದೊಂದಾಗಿ ಮರಾಠಿಯಲ್ಲಿ ಬರೆದುಕೊಳ್ಳತೊಡಗಿದ. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಹೊಗೆಯ ಕಿಂಡಿಯ ಮೇಲಂಚಿನ ಸಾಲಿನಲ್ಲಿ ಕೊನೆಯ ಅಂಕಿಯನ್ನು ಅವನು ಆರು ಎಂದು ಬರೆದ. ವಹಿಯಲ್ಲಿ ಇದ್ದದ್ದು ಒಂಬತ್ತು, ಕನ್ನಡದ ೯.

ಮಿಸ್ತ್ರಿಯವರು ಶಾಲೆಯಲ್ಲಿ ಕಲಿತ ಕನ್ನಡ ಅಕ್ಷರದಲ್ಲಿ, ಕನ್ನಡ ಅಂಕಿಯಲ್ಲಿ ಬರೆದಿದ್ದರು. ೬ಕ್ಕೂ ೯ಕ್ಕೂ ಬಾಲದ ಸುರುಳಿಯಷ್ಟೇ ಅಂತರ. ಮಗ ಮರಾಠಿ ಶಾಲೆಯವನು. ಮನೆಯಲ್ಲಿ ಕನ್ನಡ ಆಡುತ್ತಾನೆ, ಓದಲಾರ. ತಂದೆಯ ಕಣ್ಣಿಗೆ ಪೊರೆ ಬಂದು ಸಣ್ಣ ಅಕ್ಷರ ಕಾಣುವುದಿಲ್ಲ. ಆ ಅಂಗಡಿಯಲ್ಲಿ ಆ ವಹಿಯನ್ನು ಓದಬಲ್ಲವರು ಅಂದು ಯಾರೂ ಇರಲಿಲ್ಲ, ಹಲಸಿನಕಾಯಿ ಹೊತ್ತು ಬಂದ ನಾನೊಬ್ಬನ ಹೊರತು. ಮೂರು ಮಿಲಿಮೀಟರಿನ ವ್ಯತ್ಯಾಸ! ಲೈನರು ಹೋದರೆ ಹೋಗಲಿ, ಇನ್ನೊಂದು ತರಬಹುದು. ಈ ಒಂದು ಪುಟದಲ್ಲಿ ಇಷ್ಟಾದರೆ ಉಳಿದ ಇನ್ನೂರು ಪುಟಗಳ ಗತಿಯೇನು ಎಂದು ಮೂವರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಕೊನೆಗೆ ಮಿಸ್ತ್ರಿಯವರೇ, "ತಮ್ಮಾ, ನೀ ಓದು. ಅಂವ ಬರಕೋಲಿ" ಎಂದರು. ಸಾಹೇಬ್ರು ಎನ್ನುವುದು ಅಂದಿಗೆ ನಿಂತಿತು.

ನಾನು ಓದಿದೆ, ಅವನು ಬರೆದುಕೊಂಡ. ನಮ್ಮೂರ ಓದುಗರಿಗೆ ಇಂಥದು ಹೊಸತಲ್ಲ. ಅಜ್ಜನ ಕಾಲದ ಕನ್ನಡದ ಕಾಗದಪತ್ರ ಹಿಡಿದು ಒಂದು ಕಚೇರಿಗೆ ಹೋದಾಗ, ಓದುವವರನ್ನು ನೀವೇ ಕರೆದುಕೊಂಡು ಬನ್ನಿ ಎಂದು ಹೇಳಿಸಿಕೊಂಡು ನಾನೂ ಮರಳಿದ್ದೇನೆ. ಅಲ್ಲಿ ಅನ್ಯರ ಮೇಲೆ ಸಿಟ್ಟು ಮಾಡಿಕೊಂಡು ಬಂದೆವು. ಇಲ್ಲಿ ಯಾರ ಮೇಲೆ ಸಿಟ್ಟಾಗುವುದು? ತಂದೆ ಬರೆದದ್ದು, ಮಗ ಓದಬೇಕಾದದ್ದು, ನಡುವೆ ಕಚೇರಿಯಿಲ್ಲ, ಸರಕಾರವಿಲ್ಲ. ಇಬ್ಬರೂ ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿಯುವವರು. ನುಡಿ ಬಾಯಲ್ಲಿ ಉಳಿದಿದೆ, ಕೈಯಿಂದ ಜಾರಿದೆ. ಅದು ಎಷ್ಟು ಸವೆದಿದೆ ಎಂಬುದು ಮಾತಾಡುವಾಗ ತಿಳಿಯುವುದಿಲ್ಲ. ಡಯಲ್ ಗೇಜು ಇಳಿಸಿದ ಹಾಗೆ ಇಂಥದೊಂದು ಅಂಕಿ ಎದುರು ಬಂದಾಗಲೇ ತಿಳಿಯುತ್ತದೆ.

ಕಿಂಡಿ ಕತ್ತರಿಸಿದ ಮೇಲೆ ಅಂಚುಗಳನ್ನು ಕೈಯಿಂದಲೇ ಮಸೆದು ನುಣುಪು ಮಾಡಿದರು. ಹರಿತವಾದ ಅಂಚಿದ್ದರೆ ರಿಂಗು ಸಿಕ್ಕಿ ಮುರಿಯುತ್ತದೆ. ಟು-ಸ್ಟ್ರೋಕ್ ಪಿಸ್ಟನ್ನಿನ ರಿಂಗು ಕೂರುವ ಗಾಡಿಯಲ್ಲಿ ಒಂದು ಪುಟ್ಟ ಮೊಳೆ ಇರುವುದೂ ಅದಕ್ಕೇ: ರಿಂಗಿನ ಬಾಯಿ ತಿರುಗುತ್ತ ಹೋಗಿ ಕಿಂಡಿಗೆ ಬೀಳಬಾರದು. ಲೈನರನ್ನು ಕೊರೆದು 65 ಮಿಲಿಮೀಟರಿಗೆ ತಂದು, ಹೋನಿಂಗ್ ಕಲ್ಲಿನಿಂದ ಒಳಗೋಡೆಯಲ್ಲಿ ಅಡ್ಡಡ್ಡ ಸೂಕ್ಷ್ಮ ಗೀರು ಎಳೆದರು. ಕನ್ನಡಿಯ ಹಾಗೆ ನುಣುಪಾದರೆ ಎಣ್ಣೆ ನಿಲ್ಲುವುದಿಲ್ಲವಂತೆ. ಪಿಸ್ಟನ್ನಿಗೂ ಗೋಡೆಗೂ ನಡುವೆ ಒಂದು ತಲೆಗೂದಲಿನ ದಪ್ಪದಷ್ಟು ಜಾಗ ಬಿಟ್ಟರು. ಕಡಿಮೆಯಾದರೆ ಬಿಸಿಗೆ ಹಿಗ್ಗಿ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಬಡಿದಾಡುತ್ತದೆ.

ಇನ್ನು ಕ್ರ್ಯಾಂಕು. ಎರಡು ಭಾರದ ಚಕ್ರಗಳನ್ನು ಒಂದು ದಪ್ಪ ಪಿನ್ನು ಸೇರಿಸುತ್ತದೆ. ಆ ಪಿನ್ನಿನ ಸುತ್ತ ರೋಲರುಗಳು, ಅದರ ಮೇಲೆ ರಾಡು. ಪ್ರೆಸ್ಸಿನಲ್ಲಿ ಒತ್ತಿ ಬಿಡಿಸಿ, ಹೊಸ ರಾಡು ಹಾಕಿ, ಮತ್ತೆ ಒತ್ತಿ ಸೇರಿಸಿದರು. ಸೇರಿಸುವುದು ಸುಲಭ, ನೇರ ಮಾಡುವುದು ಕಷ್ಟ. ಎರಡು ತುದಿಯಲ್ಲಿ ಹಿಡಿದು ತಿರುಗಿಸುತ್ತ, ಗೇಜಿನ ಮುಳ್ಳು ಎಲ್ಲಿ ಅಲುಗುತ್ತದೆಂದು ನೋಡಿ, ಅಲ್ಲಿಗೆ ತಾಮ್ರದ ಸುತ್ತಿಗೆಯಿಂದ ಒಂದು ಪೆಟ್ಟು. ಮತ್ತೆ ತಿರುಗಿಸು, ಮತ್ತೆ ನೋಡು. ಒಂದು ಇಡೀ ಮಧ್ಯಾಹ್ನ ಅದೇ ಕೆಲಸ. ಮುಳ್ಳು ನಿಂತ ಮೇಲೆ ಕ್ರ್ಯಾಂಕಿನ ಎರಡು ಬದಿಗೆ ಹೊಸ ಆಯಿಲ್ ಸೀಲು. ಅಗ್ಗದ ರಬ್ಬರಿನ ಬಳೆ ಎಂದು ಅದನ್ನು ಕಡೆಗಣಿಸುವವರಿದ್ದಾರೆ. ಆದರೆ ಟು-ಸ್ಟ್ರೋಕಿನಲ್ಲಿ ಕೆಳಗಿನ ಕೋಣೆಯೂ ಉಸಿರಾಡುವ ಕೋಣೆ. ಸೀಲು ಗಟ್ಟಿಯಾಗಿ ಬಿರಿದರೆ ಒಂದು ಬದಿಯಿಂದ ಬೇಡದ ಗಾಳಿ ನುಗ್ಗುತ್ತದೆ, ಇನ್ನೊಂದು ಬದಿಯಿಂದ ಗೇರಿನ ಎಣ್ಣೆ ಸೇರಿ ಬಿಳಿ ಹೊಗೆ ಕಾರುತ್ತದೆ. ಹದಿನೈದು ವರ್ಷ ನಿಂತ ಎಂಜಿನ್ನಿನಲ್ಲಿ ಲೋಹಕ್ಕಿಂತ ಮೊದಲು ಸಾಯುವುದು ರಬ್ಬರು.

ಇಷ್ಟೆಲ್ಲ ನಡೆಯುತ್ತಿದ್ದ ಎರಡು ತಿಂಗಳು ಪ್ರತಿ ಭಾನುವಾರ ನಾನು ಆ ವಹಿಯನ್ನು ಓದಿದೆ. ಕಬ್ಬಿನ ಗಾಣದ ಎಂಜಿನ್ನು, ಹಳೆಯ ಬುಲೆಟ್ಟು, ಲ್ಯಾಂಬ್ರೆಟಾ ಸ್ಕೂಟರು. ಒಂದೊಂದರ ಅಳತೆಯ ಪಕ್ಕದಲ್ಲಿ ಸಣ್ಣ ಟಿಪ್ಪಣಿ. 'ಈ ಮಾಲು ಮೆದು, ಒಮ್ಮೆಲೆ ಕೊರಿಬಾರದು.' 'ಇದರ ಮಾಲೀಕ ಎಣ್ಣಿ ಹಾಕೂದಿಲ್ಲ, ಹೇಳಿ ಕಳಿಸಬೇಕು.' ಮಗ ಲ್ಯಾಪ್‌ಟಾಪಿನಲ್ಲಿ ಮರಾಠಿಯಲ್ಲಿ ಬರೆದುಕೊಂಡ. ಶಿರೋಳಿಯಲ್ಲೇ ಹುಟ್ಟಿ ಬೆಳೆದ ನನ್ನ ಮಗಳನ್ನೂ ಜೊತೆಗೆ ಕರೆದೊಯ್ದೆ. ಕನ್ನಡ ಅಂಕಿಗಳನ್ನು ಅವಳಿಗೆ ಮನೆಯಲ್ಲಿ ಕಲಿಸಿದ್ದೆನಾದರೂ ಅವು ಯಾವ ಉಪಯೋಗಕ್ಕೆ ಎಂದು ಅವಳು ಕೇಳುವುದಿತ್ತು. ಮೂರನೆಯ ಭಾನುವಾರ ಮಸುಕಾದ ಒಂದು ಸಾಲಿನಲ್ಲಿ ನನಗೆ ಅನುಮಾನ ಬಂದಾಗ ಅವಳೇ ಬಗ್ಗಿ ನೋಡಿ, "ಅದು ಏಳು, ಅಪ್ಪ. ಒಂದು ಅಲ್ಲ" ಎಂದಳು. ಮಿಸ್ತ್ರಿಯವರು ತಮ್ಮ ಹಳೆ ಕನ್ನಡಕವನ್ನು ತೆಗೆದು ಒರೆಸಿ, "ಹೌದವ್ವಾ, ಏಳs ಅದು" ಎಂದರು. ಆ ಮೇಲೆ ಅವಳು ಆ ಪ್ರಶ್ನೆ ಕೇಳಿಲ್ಲ.

2023ರ ಬಿಸುವಿಗೆ ಎಂಜಿನ್ನನ್ನು ಅದೇ ಗೋಣಿಯಲ್ಲಿ ಊರಿಗೆ ಒಯ್ದೆ. ಈ ಬಾರಿ ಹಲಸಿನ ಕಾಲವಾದ್ದರಿಂದ ಯಾರೂ ಏನೂ ಕೇಳಲಿಲ್ಲ. ತಮ್ಮ ಅಷ್ಟರಲ್ಲಿ ಟ್ಯಾಂಕು ತೊಳೆಸಿ, ಹೊಸ ಟಯರು ಹಾಕಿಸಿ, ಮಸಿಗಟ್ಟಿದ ಎರಡು ಹೊಗೆಕೊಳವೆಗಳನ್ನು ಸುಟ್ಟು ಸ್ವಚ್ಛ ಮಾಡಿಸಿದ್ದ. ಎಂಜಿನ್ನು ಕೂರಿಸಿ, ಪಾಯಿಂಟಿನ ಅಂತರವನ್ನು 0.4 ಮಿಲಿಮೀಟರಿಗೆ ಹೊಂದಿಸಿ, ಹೊಸ ಎಂಜಿನ್ನಿಗೆ ಬೇಕಾದಂತೆ ಲೀಟರಿಗೆ 50 ಮಿಲಿಲೀಟರು ಎಣ್ಣೆ ಬೆರೆಸಿದ ಪೆಟ್ರೋಲು ಹೊಯ್ದೆವು. ಎಂಟನೆಯ ಕಿಕ್ಕಿಗೆ ಅದು ಒಮ್ಮೆ ಕೆಮ್ಮಿತು. ಹತ್ತನೆಯದಕ್ಕೆ ಹಿಡಿಯಿತು. ಅಂಗಳದ ತುಂಬ ನೀಲಿ ಹೊಗೆ. ಕೋಳಿಗಳೆಲ್ಲ ತೋಟಕ್ಕೆ ಓಡಿದವು.

ತಂದೆಯವರು ಜಗಲಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತು ಕೇಳಿದರು. ಕಣ್ಣೀರು ಗಿಣ್ಣೀರು ಏನೂ ಇಲ್ಲ. ಐದು ನಿಮಿಷ ಕೇಳಿ, "ಚೈನು ಸ್ವಲ್ಪ ಸಡಿಲ ಉಂಟು" ಎಂದರು. ನೋಡಿದರೆ ಹೌದು, ಸಡಿಲವಿತ್ತು. ಬಿಗಿದೆವು. ಮತ್ತೆ ಕೇಳಿ, "ಹ್ಞಾ, ಇನ್ನು ಕೊಡಬಹುದು" ಎಂದರು.

ಕೊಟ್ಟದ್ದು ಪುತ್ತೂರಿನಲ್ಲಿರುವ ತಂಗಿಯ ಮಗನಿಗೆ. ಅವನಿಗೂ ಗುಡ್ಡದ ಮೇಲೆ ತೋಟವಿದೆ. ನೋಂದಣಿಯ ಕಾಗದಪತ್ರದ ಕೆಲಸವನ್ನು ತಮ್ಮ ನೋಡಿಕೊಂಡ. ಮೊದಲ ಸಾವಿರ ಕಿಲೋಮೀಟರು ಆತುರಪಡಬಾರದು, ಹೊಸ ರಿಂಗೂ ಹೊಸ ಗೋಡೆಯೂ ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ಅರ್ಧ ವೇಗದಲ್ಲೇ ಬಿಡಬೇಕು ಎಂದು ಅಳಿಯನಿಗೆ ಮೂರು ಸಲ ಹೇಳಿದ್ದಾಗಿದೆ.

ಗಾಡಿಯ ಸಾಮಾನಿನ ಪೆಟ್ಟಿಗೆಯೊಳಗೆ, ನೀರು ತಾಗದಂತೆ ಪ್ಲಾಸ್ಟಿಕ್ ಸುತ್ತಿದ ಒಂದು ಚೀಟಿ ಇದೆ. ಅದರಲ್ಲಿ ಕಿಂಡಿಗಳ ಎತ್ತರ, ಲೈನರಿನ ದಪ್ಪ, ಕೆಲಸ ಮಾಡಿದ ತಿಂಗಳು ಎಲ್ಲವೂ ಇವೆ. ಮಿಸ್ತ್ರಿಯವರ ಮಗ ಮರಾಠಿಯಲ್ಲಿ, ನಾನು ಕನ್ನಡದಲ್ಲಿ, ನಮ್ಮೂರ ಮೆಕ್ಯಾನಿಕ್ ಮಲಯಾಳದಲ್ಲಿ ಬರೆದದ್ದು. ಮುಂದೆ ಯಾವ ಊರಿನ ಯಾವ ಕೈಗೆ ಅದು ಬಿಚ್ಚಲು ಸಿಕ್ಕರೂ ಓದಲು ತೊಂದರೆಯಾಗಬಾರದಲ್ಲ. ಕೆಳಗಿನ ಸಾಲನ್ನು ಮಾತ್ರ ಮಿಸ್ತ್ರಿಯವರು ಮಗಳ ಕೈಯಲ್ಲಿ ಬರೆಸಿದರು, ಸೀಸದ ಕಡ್ಡಿಯಲ್ಲಿ: 'ಈಗ ೬೫.೦೦. ಇನ್ನೂ ನಾಲ್ಕು ಬೋರಿಂಗು ಬಾಕಿ ಐತಿ.'